ಅಜ್ಜನಿಂದ ಶುರುವಾಗೋ ನೈಟ್: ಪೆನ್‌ಡ್ರಾಗನ್‌ ಗೇಮ್‌ನಲ್ಲಿ ಕ್ಯಾರೆಕ್ಟರ್ ಮಾಡೋದು ಹೇಗಿದೆ

ಈ ಗೇಮ್‌ನಲ್ಲಿ ನಾನು ಆಡಿಸೋ ಪಾತ್ರ ಒಬ್ಬ ನೈಟ್, ಅಂದ್ರೆ ಕುದುರೆ ಮೇಲೆ ಹೋರಾಡೋ ಯೋಧ. ಅವನು ಹುಟ್ಟೋಕೆ ಒಂದು ವರ್ಷ ಮುಂಚೆ ಅವನ ಅಜ್ಜ ಸತ್ತ. ಇದು ನಾನು ಕೂತು ಕಟ್ಟಿದ ಕಥೆ ಅಲ್ಲ, ಡೈಸ್ ಹೇಳಿದ್ದು. 463ನೇ ಇಸವಿ, ಸಂಧಾನಕ್ಕೆ ಬನ್ನಿ ಅಂತ ಕರೆದು, ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದ ಬ್ರಿಟನ್ನಿನ ಸರದಾರರನ್ನ ಹೊರಗಿಂದ ಬಂದು ನೆಲೆಯೂರ್ತಿದ್ದ ಸ್ಯಾಕ್ಸನ್ನರು ಬಚ್ಚಿಟ್ಟ ಚೂರಿ ತೆಗೆದು ಕೊಂದರು ಅಂತ ದಂತಕಥೆ ಇದೆಯಲ್ಲ, ಆ ರಾತ್ರಿ. ಟೇಬಲ್ ನೋಡಿ ಡೈಸ್ ಎಸೆದೆ, ಅಜ್ಜ ಆ ಊಟಕ್ಕೆ ಹೋಗಿದ್ದ ಅಂತ ಬಂತು, ಅಲ್ಲಿಗೆ ಅವನ ಕಥೆ ಮುಗೀತು. ನನ್ನ ಹುಡುಗನಿಗೆ ಆಗ ಹೆಸರೂ ಇಟ್ಟಿರಲಿಲ್ಲ, ಮೈಕಟ್ಟು ಹೇಗೆ ಅಂತಾನೂ ಗೊತ್ತಿರಲಿಲ್ಲ, ಆದ್ರೆ ಅವನು ಯಾರನ್ನ ದ್ವೇಷ ಮಾಡ್ತಾನೆ ಅನ್ನೋದು ಮಾತ್ರ ಅಷ್ಟೊತ್ತಿಗಾಗಲೇ ತೀರ್ಮಾನ ಆಗಿಹೋಗಿತ್ತು.

ಪೆನ್‌ಡ್ರಾಗನ್‌ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಥರ್ ರಾಜನ ಕಾಲದ ಬ್ರಿಟನ್‌ನಲ್ಲಿ ನೈಟ್ ಆಗಿ ಆಡೋ ಟೇಬಲ್‌ಟಾಪ್ ಆರ್‌ಪಿಜಿ ಇದು, ಅಂದ್ರೆ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ವಹಿಸಿ, ಡೈಸ್ ಎಸೆದು ಕಥೆ ನಡೆಸೋ ಆಟ. ಗ್ರೆಗ್ ಸ್ಟಾಫರ್ಡ್ ಬರೆದದ್ದು, 1985ರಲ್ಲಿ ಕೇಯಾಸಿಯಂ ಅನ್ನೋ ಪ್ರಕಾಶನದಿಂದ ಮೊದಲ ಆವೃತ್ತಿ ಬಂತು. ಥಾಮಸ್ ಮ್ಯಾಲರಿ ಬರೆದ ಆರ್ಥರ್ ಕಥೆಗಳನ್ನ ವಿಲಿಯಂ ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿದ್ದ, ಈ ಗೇಮ್ ಮುಖ್ಯವಾಗಿ ನಿಂತಿರೋದು ಅದರ ಮೇಲೆ, ಮತ್ತೆ ಇದರ ದೊಡ್ಡ ಕ್ಯಾಂಪೇನ್, ಅಂದ್ರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯೋ ಉದ್ದ ಕಥೆ, ಶುರುವಾಗೋ ವರ್ಷ 485. ಮೂರೂ ಇಸವಿ ಹೀಗೆ ಸಾಲಾಗಿ ನಿಂತಿರೋದು ನೋಡಿದಾಗೆಲ್ಲ ನಂಗೆ ಖುಷಿಯಾಗುತ್ತೆ. ನಾವು ಆಡ್ತಿರೋದು 2005ರಲ್ಲಿ ಬಂದ 5ನೇ ಆವೃತ್ತಿ ಇಟ್ಕೊಂಡು, ಹಾಗಾಗಿ ಇಲ್ಲಿ ಬರೋ ಲೆಕ್ಕ ಎಲ್ಲ ಅದರದ್ದೇ. 6ನೇ ಆವೃತ್ತಿಯ ಮೂಲ ಪುಸ್ತಕ 2024ರಲ್ಲಿ ಬಂದಿದೆ, ಅದರಲ್ಲಿ ಕೆಲವು ಅಂಕಿ ಬದಲಾಗಿವೆ, ನೀವು ಅದನ್ನ ಓದಿದ್ರೆ ಅಲ್ಲಲ್ಲಿ ವ್ಯತ್ಯಾಸ ಕಾಣುತ್ತೆ.

ಇಡೀ ಗೇಮ್ ಬಗ್ಗೆ ಬರೆಯೋಕೆ ಹೋಗಲ್ಲ, ಅದು ಒಂದು ಸಲಕ್ಕೆ ಮುಗಿಯೋ ಮಾತಲ್ಲ. ಕ್ಯಾರೆಕ್ಟರ್ ಮಾಡೋ ಭಾಗ ಒಂದನ್ನೇ ತಗೊಂಡಿದೀನಿ, ಯಾಕಂದ್ರೆ ಬೇರೆ ಆರ್‌ಪಿಜಿಗಳಲ್ಲಿ ಅದು ಆಟ ಶುರುವಾಗೋ ಮುಂಚೆ ಮುಗಿಸಿ ಎದ್ದುಬಿಡೋ ಕೆಲಸ, ಇಲ್ಲಿ ಆಟ ಅಲ್ಲಿಂದಲೇ ಶುರು. ನಮ್ಮ ಮೊದಲ ಸೆಷನ್ ಪೂರ್ತಿ ಇದಕ್ಕೇ ಹೋಯ್ತು, ನಾಲ್ಕು ಜನ ಮೂರು ಗಂಟೆಗೂ ಮೇಲೆ ಕೂತ್ವಿ, ಒಬ್ಬರಿಗೂ ಬೇಜಾರಾಗಲಿಲ್ಲ. ಒಬ್ಬರ ಅಪ್ಪ ಯಾವ ಯುದ್ಧದಲ್ಲಿ ಬದುಕಿ ಬಂದ ಅಂತ ಡೈಸ್ ಬೀಳ್ತಿದ್ರೆ ಉಳಿದ ಮೂವರು ಉಸಿರು ಬಿಗಿಹಿಡ್ಕೊಂಡು ನೋಡ್ತಿದ್ವಿ.

ಅದು ನಡೆಯೋದು ಹೀಗೆ. ಅಜ್ಜ ಮೊದಲು, ಅಪ್ಪ ಆಮೇಲೆ, ಕೊನೆಗೆ ನೀವು. ವರ್ಷ ವರ್ಷಕ್ಕೂ ಒಂದು ಸಾಲು ಇರುತ್ತೆ, ಆ ವರ್ಷ ದೇಶದಲ್ಲಿ ಏನಾಯ್ತು, ನಿಮ್ಮ ಮನೆಯವನು ಅದರಲ್ಲಿ ಇದ್ನಾ, ಇದ್ರೆ ಗೆದ್ದು ಬಂದ್ನಾ, ಸತ್ನಾ, ಹೆಸರು ಮಾಡಿದ್ನಾ ಅಂತ ಡೈಸ್ ಹೇಳುತ್ತೆ. ಅವನು ಗಳಿಸಿದ ಕೀರ್ತಿಗೆ ಇಲ್ಲಿ ಗ್ಲೋರಿ ಅಂತಾರೆ, ಅಪ್ಪನ ಗ್ಲೋರಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಗನಿಗೆ ಬರುತ್ತೆ, ನೈಟ್ ಆದ ದಿನ ಅದರ ಮೇಲೆ ಇನ್ನೊಂದು 1000 ಸೇರುತ್ತೆ. ಅಪ್ಪ ಏನೂ ಮಾಡದೆ ಮನೇಲೇ ಇದ್ದಿದ್ರೆ ನಿಮಗೆ ಸಿಗೋದು ಚಿಲ್ಲರೆ, ಗಟ್ಟಿಯಾಗಿ ಹೋರಾಡಿ ಸತ್ತಿದ್ರೆ ಅವನ ಹೆಸರು ಹೇಳಿಕೊಂಡು ಸಭೆಯಲ್ಲಿ ತಲೆ ಎತ್ತಿ ನಿಲ್ಲಬಹುದು. ಇದನ್ನ ಅಂಕಿಯಲ್ಲಿ ಹಿಡಿದಿಟ್ಟಿರೋ ರೀತಿ ನಂಗೆ ತುಂಬಾ ಇಷ್ಟ ಆಯ್ತು. ಮ್ಯಾಲರಿ ಕಥೆಗಳಲ್ಲೂ ಹಾಗೇ ಅಲ್ವಾ, ಹೊಸಬ ಹುಡುಗ ಒಬ್ಬ ಬಂದು ನಿಂತ್ರೆ ಮೊದಲು ಕೇಳೋದೇ ನೀನು ಯಾರ ಮಗ ಅಂತ.

ಇದಾದ ಮೇಲೆ ಮೈಕಟ್ಟು. ಐದೇ ಗುಣ: ಗಾತ್ರ, ಚುರುಕು, ಬಲ, ತಾಳಿಕೆ, ರೂಪ. ಬುದ್ಧಿಗೆ ಅಂಕ ಇಲ್ಲ, ಅದನ್ನ ನೀವೇ ತರಬೇಕು. 60 ಅಂಕ ಹಂಚಬೇಕು. ನಾನು ಗಾತ್ರಕ್ಕೆ 14, ಚುರುಕಿಗೆ 11, ಬಲಕ್ಕೆ 14, ತಾಳಿಕೆಗೆ 12, ರೂಪಕ್ಕೆ 9 ಕೊಟ್ಟೆ, ಕಿಮ್ರಿಕ್ (ಬ್ರಿಟನ್ನಿನ ಮೂಲ ನಿವಾಸಿ) ಜನಾಂಗದವನಾದ್ದರಿಂದ ತಾಳಿಕೆಗೆ 3 ಸೇರಿ 15 ಆಯ್ತು. ಗಾತ್ರ ಮತ್ತು ಬಲ ಕೂಡಿಸಿ 6ರಿಂದ ಭಾಗಿಸಿದ್ರೆ ಎಷ್ಟು ಡೈಸ್ ಪೆಟ್ಟು ಕೊಡ್ತೀರ ಅಂತ ಬರುತ್ತೆ, ನಂದು 28, ಅಂದ್ರೆ ಸುಮಾರು ಮಾಡಿ 5 ಡೈಸ್. ಗಾತ್ರ ಮತ್ತು ತಾಳಿಕೆ ಕೂಡಿಸಿದ್ರೆ ಪ್ರಾಣದ ಅಂಕ, 29. ಒಂದೇ ಏಟಿನಲ್ಲಿ ತಾಳಿಕೆಯಷ್ಟು ಅಂದ್ರೆ 15 ಪೆಟ್ಟು ಒಳಗೆ ಇಳಿದ್ರೆ ದೊಡ್ಡ ಗಾಯ, ಅಲ್ಲಿಗೆ ಆ ದಿನದ ಹೋರಾಟ ಮುಗೀತು ಅಂತಾನೇ ತಿಳ್ಕೊಳ್ಳಿ. ಮೈಮೇಲಿರೋ ಸರಪಳಿ ಕವಚ 10 ತಡೆಯುತ್ತೆ, ಗುರಾಣಿ ಕೆಲಸಕ್ಕೆ ಬಂದ್ರೆ ಇನ್ನೊಂದು 6.

ಹೊಸಬರು ಇಲ್ಲಿ ಒಂದು ತಪ್ಪು ಮಾಡ್ತಾರೆ, ಗಾತ್ರಕ್ಕೆ ಕಡಿಮೆ ಕೊಟ್ಟು ಚುರುಕಿಗೆ ಸುರೀತಾರೆ, ಬೇರೆ ಗೇಮ್‌ಗಳ ಅಭ್ಯಾಸ. ಇಲ್ಲಿ ಬಿದ್ದ ಪೆಟ್ಟು ನಿಮ್ಮ ಗಾತ್ರವನ್ನ ಮೀರಿದ್ರೆ ಚುರುಕಿನ ಡೈಸ್ ಎಸೆದು ನಿಲ್ಲಬೇಕು, ಇಲ್ಲಾಂದ್ರೆ ನೆಲಕ್ಕೆ. ಕುದುರೆ ಮೇಲಿದ್ರೆ ಕುದುರೆಯಿಂದ ನೆಲಕ್ಕೆ. ಮತ್ತೆ ಉಳಿದದ್ದೆಲ್ಲ ಆಮೇಲೆ ಅಭ್ಯಾಸದಿಂದ ಅಷ್ಟೋ ಇಷ್ಟೋ ಏರಿಸಬಹುದು, ಗಾತ್ರ ಮಾತ್ರ 21ನೇ ವಯಸ್ಸಿಗೆ ನಿಂತುಹೋಗುತ್ತೆ. ಹಾಗಂತ ಸಣ್ಣ ಆಳು ನೈಟ್ ಆಗೋಕೆ ಆಗಲ್ಲ ಅಂತಲ್ಲ, ಭರ್ಜಿ ಹಿಡಿದು ಕುದುರೆ ಓಡಿಸ್ಕೊಂಡು ಬಂದು ಹೊಡೆದ್ರೆ ಆ ಪೆಟ್ಟು ನಿಮ್ಮದಲ್ಲ, ಕುದುರೆಯದ್ದು, ಚಾರ್ಜರ್ ಅನ್ನೋ ಯುದ್ಧದ ಕುದುರೆದು 6 ಡೈಸ್, ನನ್ನ ದಪ್ಪ ಹುಡುಗನಿಗಿಂತ ಒಂದು ಜಾಸ್ತಿ. ಕುದುರೆ ಬಿಟ್ಟು ಇಳಿದ ಮೇಲೆ ಮಾತ್ರ ಕಷ್ಟ.

ಹೆಸರು ಏರನ್ ಅಂತ ಇಟ್ಟೆ. ಗವೇನ್, ಲ್ಯಾನ್ಸಲಾಟ್ ಥರ ಕಥೆಯಲ್ಲಿ ಆಗಲೇ ಇರೋ ಹೆಸರು ಇಡದೇ ಇರೋದು ಒಳ್ಳೇದು, ಯಾಕಂದ್ರೆ ಅವರೆಲ್ಲ ಮುಂದೆ ಆಟದೊಳಗೇ ಬರ್ತಾರೆ. ಸಾಲಿಸ್‌ಬರಿ ಸೀಮೆಯವನು, ಅರ್ಲ್ ರೋಡರಿಕ್‌ನ ಕೈಕೆಳಗಿನವನು, ಮನೆಗೆ ಹಿರಿಮಗ, ಅಪ್ಪ ಇಲ್ಲ, ಒಂದು ಹಳ್ಳಿ ಒಂದು ಮೇನರ್ (ಜಮೀನು ಸಮೇತ ದೊಡ್ಡ ಮನೆ) ಅವನ ಪಾಲಿಗೆ. ರಾಜ ಇನ್ನೂ ಆರ್ಥರ್‌ನ ಅಪ್ಪ ಊಥರ್. ಒಂದು ಚಾರ್ಜರ್, ಸವಾರಿಗೆ ಎರಡು ರೌನ್ಸಿ, ಸಾಮಾನು ಹೊರೋಕೆ ಒಂದು ಸಂಪ್ಟರ್, ಜೊತೆಗೆ ಹದಿಹರೆಯದ ಸ್ಕ್ವೈರ್, ಅಂದ್ರೆ ಸಹಾಯಕ ಹುಡುಗ ಒಬ್ಬ. ಗುರಾಣಿ ಮೇಲಿನ ಚಿಹ್ನೆ ನೀವೇ ಬಿಡಿಸಬೇಕು, ಶೀಟ್‌ನಲ್ಲಿ ಅದಕ್ಕೆ ಅಂತಾನೇ ಜಾಗ ಬಿಟ್ಟಿದಾರೆ. ನಾನು ಬಿಳಿ ಹಿನ್ನೆಲೆಗೆ ಕಪ್ಪು ಕಾಗೆ ಬಿಡಿಸಿದೆ, ಅಜ್ಜ ಸತ್ತ ಊಟದ ನೆನಪಿಗೆ.

ಸ್ಕಿಲ್‌ಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಪ್ರತಿಯೊಂದಕ್ಕೂ ಒಂದು ಅಂಕಿ, 20 ಮುಖದ ಡೈಸ್ ಎಸೆದು ಅದಕ್ಕಿಂತ ಕೆಳಗೆ ಬಂದ್ರೆ ಕೆಲಸ ಆಯ್ತು, ಸರಿಯಾಗಿ ಅದೇ ಅಂಕಿ ಬಿದ್ರೆ ಕ್ರಿಟಿಕಲ್, ಅಂದ್ರೆ ಎಲ್ಲಕ್ಕಿಂತ ದೊಡ್ಡ ಗೆಲುವು. ಇಬ್ಬರು ಹೊಡೆದಾಡುವಾಗ ಇಬ್ಬರ ಡೈಸೂ ಹೀಗೆ ಕೆಲಸಕ್ಕೆ ಬಂದ್ರೆ, ಬಿದ್ದ ಅಂಕಿ ಯಾರದು ದೊಡ್ಡದೋ ಅವನದೇ ಮೇಲುಗೈ. ಕತ್ತಿಗೆ 15 ಮಾಡ್ಕೊಳ್ಳಿ, ಕಣ್ಣು ಮುಚ್ಚಿ. ಆಮೇಲೆ ಬೇಟೆ, ಸಭ್ಯತೆ, ಹಾಡು, ಚದುರಂಗ, ಗಿಡುಗ ಸಾಕೋದು ಅಂತ ಒಂದು ರಾಶಿ ಇದೆ, ನೈಟ್ ಅಂದ್ರೆ ಬರೀ ಹೊಡೆದಾಟ ಅಲ್ಲ ಅಂತ ತೋರಿಸೋಕೆ. ನಾನು ಬೇಟೆಗೂ ಸಭ್ಯತೆಗೂ ಅಂಕ ಕೊಟ್ಟೆ, ಜಮೀನು ನೋಡ್ಕೊಳ್ಳೋ ಸ್ಟೀವರ್ಡ್‌ಶಿಪ್ ತಳದಲ್ಲೇ ಉಳೀತು, ಅದರ ಬಿಸಿ ಎರಡು ಸುಗ್ಗಿ ಕೆಟ್ಟ ಮೇಲೆ ಗೊತ್ತಾಯ್ತು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ, ಅದು ಸ್ವಭಾವ. 13 ಜೋಡಿ ಇವೆ. ಕ್ಷಮೆ ಒಂದು ಕಡೆ ಸೇಡು ಇನ್ನೊಂದು ಕಡೆ, ಕರುಣೆ ಮತ್ತು ಕ್ರೌರ್ಯ, ವಿನಯ ಮತ್ತು ಗರ್ವ, ನಂಬಿಕೆ ಮತ್ತು ಅನುಮಾನ, ವಿವೇಕ ಮತ್ತು ದುಡುಕು, ಉದಾರತನ ಮತ್ತು ಸ್ವಾರ್ಥ, ಧೈರ್ಯ ಮತ್ತು ಹೇಡಿತನ, ಹೀಗೆ. ಪ್ರತಿ ಜೋಡಿ ಕೂಡಿಸಿದ್ರೆ ಯಾವಾಗಲೂ 20 ಬರಬೇಕು, ಒಂದು ಕಡೆ ಏರಿದಷ್ಟೂ ಇನ್ನೊಂದು ಕಡೆ ಇಳಿಯುತ್ತೆ, ತಕ್ಕಡಿ ಇದ್ದ ಹಾಗೆ. ಎಲ್ಲಾ 10ರಿಂದ ಶುರು, ನೈಟ್ ಆದ್ದರಿಂದ ಧೈರ್ಯ ಮಾತ್ರ 15. ಧರ್ಮ ಯಾವುದು ಆರಿಸ್ತೀರೋ ಅದರ ಐದು ಸದ್ಗುಣಗಳಿಗೆ 3 ಸೇರುತ್ತೆ, ಪೇಗನ್ (ಕ್ರೈಸ್ತ ಧರ್ಮಕ್ಕೂ ಮುಂಚಿನ ಹಳೇ ದೇವರುಗಳನ್ನ ನಂಬೋನು) ಆದ್ರೆ ಹುರುಪು, ಉದಾರತನ, ಪ್ರಾಮಾಣಿಕತೆ, ಕಾಮ, ಗರ್ವ. ಅದೇ ರೋಮನ್ ಕ್ರೈಸ್ತ ಆದ್ರೆ ಶೀಲ, ಕ್ಷಮೆ, ಕರುಣೆ, ವಿನಯ, ಸಂಯಮ. ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಬ್ಬರಿಗೆ ಗರ್ವ ಪುಣ್ಯ, ಇನ್ನೊಬ್ಬರಿಗೆ ವಿನಯ ಪುಣ್ಯ, ಇಬ್ಬರೂ ಒಂದೇ ಮೇಜಿಗೆ ಕೂತು ಒಬ್ಬನೇ ರಾಜನಿಗೆ ದುಡೀಬೇಕು. ಜಗಳಕ್ಕೆ ಬೇರೆ ಕಾರಣ ಹುಡುಕಬೇಕಾಗೇ ಇಲ್ಲ.

ಇಷ್ಟಾದ ಮೇಲೆ ನಿಮಗೆ ಬೇಕಾದ ಒಂದೇ ಒಂದು ಗುಣವನ್ನ 16 ಮಾಡ್ಕೋಬಹುದು. 16 ಅಂದ್ರೆ ಜನ ನಿಮ್ಮನ್ನ ಆ ಗುಣದಿಂದಲೇ ಗುರುತಿಸ್ತಾರೆ ಅಂತ, ವರ್ಷ ವರ್ಷ ಅದಕ್ಕೆ ಗ್ಲೋರಿನೂ ಬರುತ್ತೆ. ನಾನು ಏರನ್‌ಗೆ ಸೇಡು 16 ಕೊಟ್ಟೆ, ಕ್ಷಮೆ 4ಕ್ಕೆ ಇಳೀತು. ಆಗ ಅದು ಶೀಟ್ ಮೇಲಿನ ಅಂಕಿ ಅಷ್ಟೇ ಅನ್ನಿಸಿತ್ತು.

ಎರಡನೇ ವರ್ಷದ ಆಟದಲ್ಲಿ ಒಂದು ಹೊಳೆ ದಂಡೇಲಿ ಸ್ಯಾಕ್ಸನ್ ಹುಡುಗನೊಬ್ಬ ಕೊಡಲಿ ಕೆಳಗಿಟ್ಟು ಮಂಡಿಯೂರಿದ. ಏರನ್‌ಗಿಂತ ಚಿಕ್ಕವನು. ನಾನು ಅವನನ್ನ ಸೆರೆ ಹಿಡೀತೀನಿ ಅಂದೆ, ನಂಗೆ ಅವನನ್ನ ಉಳಿಸಬೇಕು ಅಂತಾನೇ ಇತ್ತು. ಆಟ ನಡೆಸೋ ಗೇಮ್ ಮಾಸ್ಟರ್ ಒಂದು ಕ್ಷಣ ಸುಮ್ಮನಿದ್ದು, ಸೇಡಿನ ಡೈಸ್ ಎಸಿ ಅಂದ್ರು. 16 ಅಥವಾ ಅದಕ್ಕಿಂತ ಮೇಲಿರೋ ಗುಣ ಕೆರಳಿದಾಗ ಡೈಸ್ ಎಸೀಲೇಬೇಕು, ತಪ್ಪಿಸ್ಕೊಳ್ಳೋಕೆ ಆಗಲ್ಲ. 9 ಬಿತ್ತು. ಏರನ್ ಕತ್ತಿ ಬೀಸಿದ. ನಾನಲ್ಲ, ಅವನು. ಮಂಡಿಯೂರಿದವನನ್ನ ಕೊಂದಿದ್ದಕ್ಕೆ ಅವನ ಮಾನದ ಅಂಕಿಯಿಂದ ಒಂದು ಕಳೆದ್ರು, ಅದು ನ್ಯಾಯವಾಗಿಯೇ ಇತ್ತು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ಆರ್‌ಪಿಜಿ ಆಡಿದೀನಿ, ನನ್ನ ಕ್ಯಾರೆಕ್ಟರ್ ನನ್ನ ಮಾತು ಕೇಳದೇ ಇದ್ದದ್ದು ಅದೇ ಮೊದಲು, ಮತ್ತೆ ಅವನು ಯಾಕೆ ಕೇಳಲಿಲ್ಲ ಅಂತ ನಂಗೆ ಚೆನ್ನಾಗಿ ಅರ್ಥ ಆಗ್ತಿತ್ತು, ಅವನ ಅಜ್ಜ ಹೇಗೆ ಸತ್ತ ಅಂತ ಡೈಸ್ ಎಸೆದು ಕಂಡುಕೊಂಡವನು ನಾನೇ ತಾನೆ.

ಕೆಲವರಿಗೆ ಇದು ಹಿಡಿಸಲ್ಲ, ನಮ್ಮ ಗುಂಪಲ್ಲೇ ಒಬ್ಬರು ನನ್ನ ಕ್ಯಾರೆಕ್ಟರ್ ಏನು ಮಾಡ್ಬೇಕು ಅಂತ ಡೈಸ್ ಯಾಕೆ ಹೇಳ್ಬೇಕು ಅಂತ ಕೊನೆವರೆಗೂ ವಾದ ಮಾಡಿದ್ರು. ಅವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಪೂರ್ತಿ ಹಿಡಿತ ನಿಮ್ಮ ಕೈಯಲ್ಲೇ ಇರಬೇಕು ಅಂದ್ರೆ ಎಲ್ಲಾ ಗುಣವನ್ನೂ 15ರ ಒಳಗೆ ಇಟ್ಕೊಳ್ಳಿ, ಆಗ ನಿಮ್ಮ ತೀರ್ಮಾನ ನಿಮ್ಮದೇ. ಆದ್ರೆ ಹಾಗೆ ಮಾಡಿದವನಿಗೆ ಹೆಸರೂ ಬರಲ್ಲ. ಮ್ಯಾಲರಿ ಕಥೆಗಳಲ್ಲಿ ನೆನಪಲ್ಲಿ ಉಳಿಯೋರು ಯಾರು, ತಮ್ಮಂದಿರನ್ನ ಕೊಂದವನ ಮೇಲಿನ ಸಿಟ್ಟು ಬಿಡೋಕಾಗದ ಗವೇನ್, ಪ್ರೀತಿ ಬಿಡೋಕಾಗದ ಲ್ಯಾನ್ಸಲಾಟ್. ಹಿತಮಿತವಾಗಿ ಬಾಳಿದವರ ಕಥೆ ಅಲ್ಲಿ ಯಾರೂ ಹೇಳಲ್ಲ.

ಸ್ವಭಾವದ ಪಕ್ಕದಲ್ಲೇ ಪ್ಯಾಷನ್ ಅಂತ ಇನ್ನೊಂದು ಪಟ್ಟಿ. ಒಡೆಯನ ಮೇಲಿನ ನಿಷ್ಠೆ 15, ಮನೆಯವರ ಮೇಲಿನ ಪ್ರೀತಿ 15, ಅತಿಥಿ ಧರ್ಮ 15, ಮಾನ 15, ಸ್ಯಾಕ್ಸನ್ ದ್ವೇಷಕ್ಕೆ ಡೈಸ್. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನೋ ಮಾತನ್ನ ಹೀಗೆ ಅಂಕಿ ಹಾಕಿ ಹಾಳೆ ಮೇಲೆ ಬರೆದಿಟ್ಟಿರೋದನ್ನ ನಾನು ಬೇರೆಲ್ಲೂ ನೋಡಿರಲಿಲ್ಲ. ಕಷ್ಟದ ಗಳಿಗೆಯಲ್ಲಿ ಈ ಪ್ಯಾಷನ್‌ನ ಕರೀಬಹುದು, ಡೈಸ್ ಒಲಿದ್ರೆ ಒಂದು ಸ್ಕಿಲ್‌ಗೆ 10 ಸೇರುತ್ತೆ. ಏರನ್‌ನ ಕತ್ತಿ 15 ಇದ್ದದ್ದು 25 ಆಗುತ್ತೆ, 20 ದಾಟಿದ 5ನ್ನ ಬಿದ್ದ ಡೈಸ್‌ಗೆ ಕೂಡಿಸ್ಕೋಬೇಕು, ಅಂದ್ರೆ 15ರಿಂದ 20ರವರೆಗೆ ಏನು ಬಿದ್ರೂ ಕ್ರಿಟಿಕಲ್, ಪೆಟ್ಟು ದುಪ್ಪಟ್ಟು, 5 ಡೈಸ್ ಎಸೆಯೋ ಕಡೆ 10. ನಿನ್ನೆ ಮೊನ್ನೆ ನೈಟ್ ಆದ ಹುಡುಗ ಹಳೇ ಹುಲಿಯನ್ನ ಕೆಡವಬಹುದಾದ ದಾರಿ ಇದೊಂದೇ. ಒಲೀಲಿಲ್ಲ ಅಂದ್ರೆ ಮಾತ್ರ 5 ಕಳೆಯುತ್ತೆ, ಡೈಸ್ ಪೂರ್ತಿ ಕೆಟ್ಟದಾಗಿ ಬಿದ್ರೆ ಬುದ್ಧಿ ಕೆಟ್ಟು ಕಾಡು ಪಾಲಾಗಬಹುದು, ಲ್ಯಾನ್ಸಲಾಟ್ ಹುಚ್ಚನಾಗಿ ಅಲೆದ ಹಾಗೆ. ಮನಸ್ಸಿನ ಆಳದಲ್ಲಿರೋದನ್ನ ಬಳಸೋಕೆ ಹೋದ್ರೆ ಅದು ನಿಮ್ಮನ್ನ ಎತ್ತಲೂಬಹುದು ಒಡೆಯಲೂಬಹುದು, ರೂಲ್ ಇದನ್ನ ಎರಡು ಸಾಲಲ್ಲಿ ಹೇಳಿಬಿಡುತ್ತೆ.

ಕೊರತೆಗಳೂ ಇವೆ. 5ನೇ ಆವೃತ್ತಿಯ ಮೂಲ ಪುಸ್ತಕ ಒಂದನ್ನೇ ಇಟ್ಕೊಂಡ್ರೆ ಸಾಲಿಸ್‌ಬರಿಯ ಕಿಮ್ರಿಕ್ ನೈಟ್ ಬಿಟ್ಟು ಬೇರೆ ಮಾಡೋಕೆ ದಾರಿ ಕಡಿಮೆ, ಐರಿಷ್, ಪಿಕ್ಟ್, ಸ್ಯಾಕ್ಸನ್ ಅಂತೆಲ್ಲ ಬೇಕಿದ್ರೆ ಬೇರೆ ಪುಸ್ತಕ ತೆರೀಬೇಕು. ನಾಲ್ಕು ಜನ ಒಂದೇ ಸೀಮೆ, ಒಂದೇ ಜನಾಂಗ, ಒಂದೇ ಥರ ಕುದುರೆ ಕವಚ, ಹಾಳೆ ನೋಡಿದ್ರೆ ಮೊದಲು ಎಲ್ಲ ಒಂದೇ ಅನ್ನಿಸುತ್ತೆ. ಸ್ವಭಾವದ ಪಟ್ಟಿ ತುಂಬಿದ ಮೇಲೆ ಆ ಅನುಮಾನ ಹೋಯ್ತು, ನಮ್ಮಲ್ಲಿ ಒಬ್ಬ ಅತಿ ನಂಬಿಕೆಯವನು, ಒಬ್ಬ ದುಡುಕಿನವನು, ಒಬ್ಬಳು ಹೆಣ್ಣು ನೈಟ್, ಅವಳ ವಿನಯ 16, ಗೆದ್ದು ಬಂದಾಗಲೂ ತನ್ನ ಕಥೆ ಹೇಳ್ಕೊಳ್ಳಲ್ಲ. ಮಂತ್ರವಾದಿ ಆಗ್ಬೇಕು ಅನ್ನೋರಿಗೆ ಇದು ಅಲ್ಲವೇ ಅಲ್ಲ, 1993ರ 4ನೇ ಆವೃತ್ತಿಯಲ್ಲಿ ಆ ದಾರಿ ಇತ್ತು, 5ರಲ್ಲಿ ತೆಗೆದುಬಿಟ್ಟರು, ನನ್ನ ಪ್ರಕಾರ ತೆಗೆದದ್ದೇ ಸರಿ, ಆರ್ಥರ್ ಕಥೆಯ ಮಂತ್ರವಾದಿ ಮೆರ್ಲಿನ್ ದೂರದಲ್ಲಿ ಇದ್ರೇನೇ ಮೆರ್ಲಿನ್. ರೂಪದ ಅಂಕಿಗೆ ಮಾತ್ರ ಕೆಲಸ ಕಡಿಮೆ, ಎಲ್ಲರೂ ಅಲ್ಲೇ ಅಂಕ ಉಳಿಸ್ತಾರೆ, ಅದನ್ನ ಇನ್ನಷ್ಟು ಬಳಸಬಹುದಿತ್ತು.

ಇನ್ನೊಂದು ಮಾತು ಹೊಸದಾಗಿ ಶುರು ಮಾಡೋರಿಗೆ ಮೊದಲೇ ಹೇಳಬೇಕು, ಯಾಕಂದ್ರೆ ನಂಗೆ ಇದು ತಡವಾಗಿ ಹೊಳೀತು. 485ರಲ್ಲಿ ಏರನ್‌ಗೆ 21 ವರ್ಷ. ಕಲ್ಲಿಂದ ಕತ್ತಿ ಕಿತ್ತು ಆರ್ಥರ್ ರಾಜ ಆಗೋದು ಈ ಕ್ಯಾಂಪೇನ್‌ನಲ್ಲಿ 510ಕ್ಕೆ, ಅವನು ಸ್ಯಾಕ್ಸನ್ನರನ್ನ ಸೋಲಿಸೋ ಬೇಡನ್ ಯುದ್ಧ 518ಕ್ಕೆ. ಬದುಕಿದ್ರೆ ಏರನ್‌ಗೆ ಆಗ 46, 54. ವಯಸ್ಸಿನ ಡೈಸ್ 35ಕ್ಕೇ ಶುರುವಾಗುತ್ತೆ, ವರ್ಷ ವರ್ಷ ಬಲ ತಾಳಿಕೆ ಸೋರಿಹೋಗ್ತಿರುತ್ತೆ. ಆರ್ಥರ್‌ನ ದುಂಡು ಮೇಜಿನ ಆಸೆ ಇಟ್ಕೊಂಡು ನೀವು ಮಾಡಿದ ಎಳೆ ಹುಡುಗ ಆ ಮೇಜು ಬರೋ ಹೊತ್ತಿಗೆ ಎಳೆಯ ಆಗಿರಲ್ಲ, ಬಹುಶಃ ಇರೋದೂ ಇಲ್ಲ. ಒಂದು ವರ್ಷಕ್ಕೆ ಒಂದೇ ಸಾಹಸ, ಆಮೇಲೆ ಚಳಿಗಾಲ, ಚಳಿಗಾಲದಲ್ಲಿ ಜಮೀನಿನ ಲೆಕ್ಕ, ಕುದುರೆ ಉಳೀತಾ ಸತ್ತಿತಾ, ಮದುವೆ, ಮಗು, ಆ ವರ್ಷ ಗುರುತು ಹಾಕಿದ ಗುಣಗಳು ಏರ್ತಾವಾ ಅನ್ನೋ ಡೈಸ್. ಹೊಳೆ ದಂಡೆಯ ಕೊಲೆ ಆದ ವರ್ಷ ಸೇಡಿನ ಪಕ್ಕ ಗುರುತು ಬಿದ್ದಿತ್ತು, ಏರಬೇಕಂದ್ರೆ 16ಕ್ಕಿಂತ ಜಾಸ್ತಿ ಬೀಳಬೇಕು, ಬೀಳದಿರಲಿ ಅಂತ ನಾನು ಮನಸ್ಸಲ್ಲೇ ಕೇಳ್ಕೊಂಡೆ. 18 ಬಿತ್ತು. ಸೇಡು 17, ಕ್ಷಮೆ 3.

487ರಲ್ಲಿ ಅವನಿಗೆ ಮದುವೆ ಆಯ್ತು, ಹೆಂಡತಿ ಸ್ಟೀವರ್ಡ್‌ಶಿಪ್‌ನಲ್ಲಿ ಗಟ್ಟಿಗಿತ್ತಿ, ಮೇನರ್ ಚೇತರಿಸ್ಕೊಳ್ತು. ಮೊದಲೆರಡು ಚಳಿಗಾಲ ಮಗುವಿನ ಡೈಸ್ ಖಾಲಿ ಹೋಯ್ತು. ಕಳೆದ ವಾರ ನಾವು ಆಡಿದ್ದು 489ರ ಚಳಿಗಾಲ, ಮತ್ತೆ ಎಸೆದೆ, ಗಂಡು ಮಗು ಅಂತ ಬಂತು, ತಾಯಿ ಮಗು ಇಬ್ಬರೂ ಕ್ಷೇಮ. ನಾನು ಏರನ್‌ನ ಶೀಟ್ ತಿರುಗಿಸಿ ಹಿಂದುಗಡೆ ಮಗನ ಹೆಸರು, ಹುಟ್ಟಿದ ವರ್ಷ ಬರೆದೆ, ಪಕ್ಕದಲ್ಲಿದ್ದ ಗೆಳೆಯ ಬೆರಳಲ್ಲಿ ಲೆಕ್ಕ ಹಾಕಿ, 21 ಸೇರಿಸು ನೋಡೋಣ ಅಂದ. ಸೇರಿಸಿದೆ. 510.